ಮೂಟೆಯ ಮೇಲಿನ ಎರಡು ಗೇಣು

ನಮ್ಮ ಅತ್ತೆಯನ್ನು ಹೆಸರು ಹಿಡಿದು ಕರೆಯುವವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅವಳು ಕುಂಡದಕ್ಕ. ಮನೆಯೊಳಗೆ, ಆಫೀಸಿನೊಳಗೆ ಬೆಳೆಸುವ ಗಿಡಗಳಿಗೆ ಕುಂಡ ಬದಲಾಯಿಸಿ ಹೊಸ ಮಣ್ಣು ತುಂಬುವುದು ಅವಳ ಕಸುಬು. ಇದೂ ಒಂದು ಕಸುಬೇ ಎಂದು ಮೂಗು ಮುರಿಯುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರ ಮನೆಗೆ ಹೋಗಿ ನೋಡಿ, ಕಿಟಕಿಯ ಪಕ್ಕ ಒಂದು ಗಿಡ ಎಲೆಯೆಲ್ಲ ಹಳದಿ ಮಾಡಿಕೊಂಡು ನಿಂತಿರುತ್ತದೆ, ಮನೆಯವರು ದಿನಾ ಬೆಳಿಗ್ಗೆ ಅದಕ್ಕೆ ನೀರು ಸುರಿದು ಸುರಿದು ಕೊಲ್ಲುತ್ತಿರುತ್ತಾರೆ.

ಅತ್ತೆ ಎಂದರೆ ಅಪ್ಪನ ತಂಗಿ. ವಯಸ್ಸು ಐವತ್ತಾರು, ಆಳು ಗಿಡ್ಡ, ನಾಲಿಗೆ ಮಾತ್ರ ಉದ್ದ. ಎರಡು ಚಕ್ರದ ಕೈಗಾಡಿ ತಳ್ಳಿಕೊಂಡು ಬೀದಿ ಬೀದಿ ತಿರುಗುತ್ತಾಳೆ. ಗಾಡಿಯಲ್ಲಿ ಗೊಬ್ಬರದ ಮೂಟೆ, ದಪ್ಪ ಮರಳಿನ ಬಕೆಟ್ಟು, ತೆಂಗಿನ ನಾರಿನ ಪುಡಿ, ಇದ್ದಿಲ ಚೂರು, ಮೊಂಡಾದ ಒಂದು ಚಾಕು. ಗಿಡವನ್ನು ಕುಂಡದಿಂದ ಎಳೆದು, ಬೇರನ್ನು ಬೆರಳಲ್ಲಿ ಬಿಡಿಸಿ ನೋಡಿದ ಮೇಲೆಯೇ ಯಾವುದು ಎಷ್ಟು ಎಂಬ ತೀರ್ಮಾನ. ಜರೀಗಿಡಕ್ಕೆ ಗೊಬ್ಬರ ಜಾಸ್ತಿ, ಸ್ನೇಕ್ ಪ್ಲಾಂಟಿಗೆ ಅರ್ಧಕ್ಕರ್ಧ ಮರಳು. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಅದುಮುತ್ತಾಳೆ, ಹೆಬ್ಬೆರಳಿನಿಂದ ತಟ್ಟುತ್ತಾಳೆ. ಉಂಡೆ ಪುಡಿಯಾಗಿ ಉದುರಬೇಕು. ಉದುರದಿದ್ದರೆ ಇನ್ನೊಂದು ಹಿಡಿ ಮರಳು ಬೀಳುತ್ತದೆ.

"ಅಂಗಡೀಲಿ ಪ್ಯಾಕೆಟ್ ಮಣ್ಣು ಸಿಗುತ್ತಲ್ಲ ಕುಂಡದಕ್ಕ, ಅದನ್ನೇ ಎಲ್ಲಕ್ಕೂ ಹಾಕಿದ್ರೆ ಆಗಲ್ವಾ?" ಎಂದು ಯಾರಾದರೂ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಆಗುತ್ತಮ್ಮ, ಯಾಕಾಗಲ್ಲ? ನಿಮ್ಮನೇಲಿ ಹಲ್ಲು ಬರದಿರೋ ಮಗೂಗೂ ಹಲ್ಲು ಬಿದ್ದಿರೋ ತಾತಂಗೂ ನಿಮಗೂ ಒಂದೇ ಊಟ ಹಾಕ್ತೀರಲ್ವಾ, ಹಂಗೇ ಇದೂ," ಎಂದುಬಿಡುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ನಗದೆ ಮುಖ ಊದಿಸಿಕೊಂಡವರೂ ಮುಂದಿನ ವರ್ಷ ಅವಳನ್ನೇ ಕರೆಯುತ್ತಿದ್ದರು.

ಈ ಕಸುಬಿಗೆ ಅವಳನ್ನು ಹಚ್ಚಿದವನು ನಮ್ಮಪ್ಪ. ಅತ್ತೆಯ ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಆಗ ಅತ್ತೆಗೆ ಮೂವತ್ತು ವರ್ಷ. ಅಪ್ಪನದು ಗೊಬ್ಬರದ ಅಂಗಳ. ಊರಿನ ಉದ್ಯಾನಗಳಿಂದ ಒಣಗಿದ ಎಲೆ, ಮಾರುಕಟ್ಟೆಯಿಂದ ತರಕಾರಿ ಸಿಪ್ಪೆ ತಂದು ರಾಶಿ ಹಾಕಿ, ತಿರುವಿ, ವರ್ಷದ ಮೇಲೆ ಜರಡಿ ಹಿಡಿದು ಮಾರುತ್ತಾನೆ. ಅಳುತ್ತ ಮನೆಗೆ ಬಂದ ತಂಗಿಗೆ ಅಪ್ಪ ಒಂದು ಮೂಟೆ ಗೊಬ್ಬರ, ಒಂದು ಕೈಗಾಡಿ ಕೊಟ್ಟ. ಜೊತೆಗೆ ಒಂದು ಪರೀಕ್ಷೆ ಹೇಳಿಕೊಟ್ಟ. ಹೊಸ ಮೂಟೆ ಬಂದಾಗಲೆಲ್ಲ ಒಂದು ಲೋಟದಲ್ಲಿ ಅದರ ಗೊಬ್ಬರ ತುಂಬಬೇಕು, ಏಳು ಮೂಲಂಗಿ ಬೀಜ ಹಾಕಿ ಕಿಟಕಿಯಲ್ಲಿಡಬೇಕು, ಎಂಟು ದಿನ ಕಾಯಬೇಕು. ಮೊಳಕೆ ನೆಟ್ಟಗೆ ಹಸಿರಾಗಿ ಬಂದರೆ ಗೊಬ್ಬರ ಕಳಿತಿದೆ ಎಂದರ್ಥ. ಸೊಟ್ಟಗಾದರೆ, ಬರದೇ ಹೋದರೆ, ಅದು ಇನ್ನೂ ಹಸಿ. ಹಸಿ ಗೊಬ್ಬರ ಕುಂಡದೊಳಗೆ ಬಿಸಿಯಾಗಿ ಬೇರನ್ನು ಸುಡುತ್ತದೆ.

"ಬೇರೆಯವರದ್ದು ಮಾತ್ರ ಅಲ್ಲ, ನಾನು ಕೊಟ್ಟಿದ್ದನ್ನೂ ನೋಡು," ಎಂದಿದ್ದನಂತೆ ಅಪ್ಪ. ಇಪ್ಪತ್ತಾರು ವರ್ಷ ಅತ್ತೆ ಹಾಗೆಯೇ ಮಾಡಿದಳು. ಅಪ್ಪನ ಗೊಬ್ಬರ ಒಂದು ಸಲವೂ ತಪ್ಪಲಿಲ್ಲ. ಅಡುಗೆಮನೆಯ ಕಿಟಕಿಯ ಮೇಲೆ ಆ ಲೋಟಗಳ ಸಾಲನ್ನು ನೋಡುತ್ತಲೇ ನಾನು ಬೆಳೆದೆ. ಪರೀಕ್ಷೆ ಮುಗಿದ ಮೊಳಕೆಗಳನ್ನು ಉಪ್ಪು ಸವರಿ ತಿನ್ನುವುದು ನನ್ನ ಪಾಲಿನ ಕೆಲಸವಾಗಿತ್ತು.

ಬೀಜಕ್ಕಿಂತ ಮುಂಚೆ ಅತ್ತೆಗೆ ಮೂಗಿತ್ತು. ಮೂಟೆಯ ಬಾಯಿ ಬಿಚ್ಚಿದ ಕ್ಷಣವೇ ಹಸಿಯೋ ಕಳಿತದ್ದೋ ಹೇಳುತ್ತಿದ್ದಳು, ಬೀಜ ಹಾಕುವುದು ಖಾತ್ರಿಗೆ ಅಷ್ಟೆ. ಎರಡು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂದಿತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಡಾಕ್ಟರು ಕಾಯಿರಿ ಎಂದರು. ಕಾದಳು, ಬರಲಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಪ್ಪನಿಗೂ ನನಗೂ ಹೇಳಿದಳು.

"ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಮಣ್ಣಿನ ವಾಸನೆ ಗೊತ್ತಾಗದೋಳನ್ನ ಯಾರು ಕರೀತಾರೆ?"

"ನಾನಿದ್ದೀನಲ್ಲೇ ಪುಟ್ಟಿ," ಎಂದ ಅಪ್ಪ. ಐವತ್ತು ದಾಟಿದರೂ ಅವನಿಗೆ ಅವಳು ಪುಟ್ಟಿಯೇ. "ಇನ್ಮೇಲೆ ನನ್ನ ಮೂಗೇ ನಿನ್ನ ಮೂಗು ಅಂದ್ಕೋ."

ಅಂದಿನಿಂದ ಅದೊಂದು ರೂಢಿಯೇ ಆಯಿತು. ಅತ್ತೆ ಪ್ರತಿ ಭಾನುವಾರ ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ಟೀ ಕುಡಿದರೆ ಅವಳಿಗೆ ಎದೆ ಉರಿ, ಹಾಲೇ ಬೇಕು. ಹಾಲು ಹಳಸಿದ್ದರೆ ಅವಳಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಅಪ್ಪ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಮೂಸಿ, "ಚೆನ್ನಾಗಿದೆ, ಕುಡಿ" ಎಂದು ಅವಳ ಕೈಗೆ ಕೊಡುತ್ತಿದ್ದ. ಅವಳು ಒಂದೇ ಗುಟುಕಿಗೆ ಅರ್ಧ ಇಳಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆ ಭಾನುವಾರದ ಹಾಲಿನ ಹೊತ್ತಿನಲ್ಲಿ ಅಣ್ಣ ತಂಗಿ ಇಬ್ಬರನ್ನೂ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಈಗ ವಾಚನಾಲಯದ ವಿಷಯ ಹೇಳಬೇಕು. ಪೇಟೆಯ ಸಾರ್ವಜನಿಕ ವಾಚನಾಲಯದಲ್ಲಿ ಮೂವತ್ತೆರಡು ಕುಂಡಗಳಿದ್ದವು. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿನ ಮೇಡಂ ಬರಿಯ ಗೋಡೆ ತೋರಿಸಿ, "ಇಲ್ಲಿ ಏನಾದ್ರೂ ಹಸಿರು ಮಾಡ್ತೀರಾ?" ಎಂದು ಕೇಳಿದ್ದರಂತೆ. ಅತ್ತೆ ಅವರಿವರ ಮನೆಯಲ್ಲಿ ಕತ್ತರಿಸಿ ಎಸೆದ ಕಡ್ಡಿಗಳನ್ನು ತಂದು ಬೇರು ಬರಿಸಿ, ಒಂದೊಂದಾಗಿ ಮೂವತ್ತೆರಡು ಮಾಡಿದಳು. ಅದರಲ್ಲಿ ಒಂದು ರಬ್ಬರ್ ಗಿಡ ಸೂರು ಮುಟ್ಟಿತ್ತು. ಅದಕ್ಕೆ ಓದುಗರೇ ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು. ಪೇಪರ್ ಓದಲು ಬರುವ ಮುದುಕರು ದೊಡ್ಡಮ್ಮನ ಕೆಳಗಿನ ಕುರ್ಚಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಲ್ಲುತ್ತಿದ್ದರು. ಮೇಡಂ ಅತ್ತೆಗೆ ವಾಚನಾಲಯದ ಒಂದು ಬೀಗದ ಕೈ ಕೊಟ್ಟಿದ್ದರು. ತನ್ನ ಮನೆಯ ಕೀಲಿಯ ಜೊತೆ ಅದನ್ನೂ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. ನಾಲ್ಕನೇ ಕ್ಲಾಸು ಓದಿದವಳ ಕೈಯಲ್ಲಿ ಅಷ್ಟು ಪುಸ್ತಕದ ಮನೆಯ ಕೀಲಿ! ಯಾರು ಕೇಳಲಿ ಬಿಡಲಿ, ಎಳೆದು ತೋರಿಸುತ್ತಿದ್ದಳು. ಅವಳಿಗೆ ಊರಲ್ಲಿ ಇದ್ದ ಮರ್ಯಾದೆ ಎಂದರೆ ಆ ಮೂವತ್ತೆರಡು ಕುಂಡ, ಆ ಒಂದು ಕೀಲಿ.

ಈ ವರ್ಷ ವಾಚನಾಲಯಕ್ಕೆ ಬಣ್ಣ ಬಳಿಸಿದರು. ಅದರ ಜೊತೆಗೆ ಎಲ್ಲ ಗಿಡಗಳನ್ನೂ ದೊಡ್ಡ ಕುಂಡಕ್ಕೆ ಬದಲಾಯಿಸಲು ಮೇಡಂ ಹೇಳಿದರು. ಅತ್ತೆ ಒಂದು ತಿಂಗಳು ಮುಂಚೆಯೇ ಅಪ್ಪನಿಗೆ ಹತ್ತು ಮೂಟೆ ಹೇಳಿಟ್ಟಳು. ಕಳಿತ ರಾಶಿ ತಯಾರಾಗಿಯೇ ಇತ್ತು. ಅಷ್ಟರಲ್ಲಿ ಹೊಸ ಹೋಟೆಲಿನವನೊಬ್ಬ ಅಂಗಳಕ್ಕೆ ಬಂದ. ಅವನ ಹಜಾರದ ಗಿಡಗಳಿಗೆ, ಮುಂದಿನ ತೋಟಕ್ಕೆ ಗೊಬ್ಬರ ಬೇಕಿತ್ತು. ರಾಶಿಯನ್ನು ಕೈಯಲ್ಲಿ ಹಿಡಿದು ನೋಡಿ, ಇಂಥ ಗೊಬ್ಬರ ಎಲ್ಲೂ ಕಂಡಿಲ್ಲ ಎಂದು ಹೊಗಳಿದ. ಅಪ್ಪ ಹೊಗಳಿಕೆಗೆ ಕರಗುವ ಮನುಷ್ಯ. ಅಡಿಯಲ್ಲಿ ಇಪ್ಪತ್ತು ಬುಟ್ಟಿ ಉಳಿಸಿಕೊಂಡು ಇಡೀ ರಾಶಿಯನ್ನು ಅವನಿಗೆ ತುಂಬಿಸಿಬಿಟ್ಟ.

ಮರುವಾರ ನನಗೆ ರಜೆಯಿದ್ದ ದಿನ ಅಪ್ಪ ಅಂಗಳಕ್ಕೆ ಕರೆದ. ಎರಡನೆಯ ರಾಶಿ ಇನ್ನೂ ನಾಲ್ಕು ತಿಂಗಳು ಕಳಿಯಬೇಕಿತ್ತು, ಬೆಳಗಿನ ಚಳಿಯಲ್ಲಿ ಅದರಿಂದ ಹಬೆ ಏಳುವುದನ್ನು ನಾನೇ ನೋಡಿದ್ದೆ. ಅಪ್ಪ ಅದರಲ್ಲಿ ಒಂದು ಭಾಗವನ್ನು ಟಾರ್ಪಾಲಿನ ಮೇಲೆ ಮೂರು ದಿನ ಬಿಸಿಲಿಗೆ ಹರಡಿ, ಎರಡು ಸಲ ಜರಡಿ ಹಿಡಿದಿದ್ದ. ನೋಡಲು ಕಪ್ಪಗೆ, ಪುಡಿಪುಡಿಯಾಗಿತ್ತು. ನಾನು ಮೂಟೆಯ ಬಾಯಿ ಅಗಲಿಸಿ ಹಿಡಿದೆ, ಅಪ್ಪ ತುಂಬಿದ. ಬಾಯಿಗೆ ಎರಡು ಗೇಣು ಉಳಿದಾಗ ನಿಲ್ಲಿಸಿ, ಉಳಿಸಿಕೊಂಡಿದ್ದ ಕಳಿತ ಗೊಬ್ಬರವನ್ನು ಮೇಲೆ ಹಾಕಿದ.

"ಅಪ್ಪಾ, ಕೆಳಗಿರೋದು ಇನ್ನೂ ಹಸಿ ಅಲ್ವಾ?"

"ಒಣಗಿಸಿದ್ದೀನಲ್ಲ. ಮಿಕ್ಕಿದ್ದು ಕುಂಡದಲ್ಲೇ ಕಳಿಯುತ್ತೆ ಬಿಡು."

"ಅತ್ತೆ ಬೀಜ ಹಾಕಿ ನೋಡ್ತಾಳೆ."

"ಅದಕ್ಕೇ ತಾನೆ ಮೇಲೆ ಹಳೇದು ಹಾಕ್ತಿರೋದು. ಅವಳ ಕೈ ಹೋಗೋದು ಮೇಲಕ್ಕೇ. ಅವಳಿಗೆ ಕಲಿಸಿದೋನು ನಾನು, ನನಗೆ ಗೊತ್ತಿಲ್ವಾ?"

ನಾನು ಸುಮ್ಮನಾದೆ. ಅಪ್ಪನಿಗೆ ಎದುರಾಡಿದರೆ ವಾರಗಟ್ಟಲೆ ಮನೆಯಲ್ಲಿ ಮಾತಿರುವುದಿಲ್ಲ, ತಟ್ಟೆ ಕುಕ್ಕುವ ಸದ್ದು ಮಾತ್ರ. ಅದು ನನಗೆ ಬೇಡವಾಗಿತ್ತು, ಅಷ್ಟೇ ಕಾರಣ. ಹತ್ತು ಮೂಟೆಗಳ ಬಾಯನ್ನೂ ಹೊಲಿಗೆ ದಾರದಿಂದ ಕಟ್ಟಿದ್ದು ನಾನೇ.

ಅತ್ತೆ ಹತ್ತು ಮೂಟೆಗೂ ಹತ್ತು ಲೋಟ ಇಟ್ಟಳು. ಎಂಟು ದಿನ ಕಳೆದು ಭಾನುವಾರ ಬಂದಾಗ ಅವಳ ಕೈಯಲ್ಲಿ ಒಂದು ಲೋಟ ಇತ್ತು. ಬಾಗಿಲಲ್ಲೇ, "ನೋಡೋ ಅಣ್ಣಾ, ಏಳಕ್ಕೆ ಏಳು! ಹತ್ತು ಲೋಟಾನೂ ಹಿಂಗೇ!" ಎಂದಳು.

"ಮತ್ತೆ? ನನ್ನ ಗೊಬ್ಬರ ಅಂದ್ಮೇಲೆ?" ಎಂದು ಅಪ್ಪ ನಕ್ಕ.

"ವಾಸನೆ ಹೆಂಗಿತ್ತು ಹೇಳೋ, ನಂಗಂತೂ ಆ ಪುಣ್ಯ ಇಲ್ಲ."

"ಮಳೆ ನಿಂತ ಮೇಲೆ ಮರದ ಕೆಳಗೆ ಹೆಂಗಿರುತ್ತೆ? ಹಂಗಿತ್ತು," ಎಂದ. ಅತ್ತೆ ಕಣ್ಣು ಮುಚ್ಚಿ ಲೋಟವನ್ನು ಮೂಗಿನ ಹತ್ತಿರ ತಂದು, ಇಲ್ಲದ ವಾಸನೆಯನ್ನು ಒಳಗೆ ಎಳೆದುಕೊಂಡಳು. ಆಮೇಲೆ ಅಪ್ಪ ಮೂಸಿ ಕೊಟ್ಟ ಹಾಲನ್ನು ಕುಡಿದಳು. ನಾನು ಒಲೆಯ ಮುಂದೆ ನಿಂತಿದ್ದೆ. ಬಾಯಿ ತೆರೆದಿದ್ದರೆ ಆಗುತ್ತಿತ್ತು. ಹೆಚ್ಚೆಂದರೆ ಐದು ಮಾತು ಸಾಕಿತ್ತು.

ನಾಲ್ಕು ದಿನ ಹಿಡಿದು ಮೂವತ್ತೆರಡು ಕುಂಡ ಬದಲಾಯಿಸಿದಳು. ಮಧ್ಯೆ ಒಮ್ಮೆ ಅಪ್ಪನಿಗೆ ಫೋನು ಮಾಡಿ, ಮೂಟೆಯ ಕೆಳಗೆಲ್ಲ ಒಣಗಿದೆಯಲ್ಲ ಏಕೆ ಎಂದು ಕೇಳಿದಳಂತೆ. ಜರಡಿಗೆ ಸಲೀಸಾಗಲಿ ಎಂದು ಬಿಸಿಲಿಗೆ ಹಾಕಿದ್ದೆ, ನೀರು ಹಾಕಿದರೆ ಸರಿಹೋಗುತ್ತದೆ ಎಂದ ಅಪ್ಪ. ಅಣ್ಣ ಹೇಳಿದ ಮೇಲೆ ಮುಗಿಯಿತು. ನೀರು ಹಾಕಿದಳು.

ವಾರದ ಮೇಲೆ ಪೇಪರ್ ಓದುವ ಮುದುಕರೊಬ್ಬರು, "ಏನೋ ಹುಳಿ ವಾಸನೆ ಬರ್ತಿದೆಯಲ್ಲ ಕುಂಡದಕ್ಕ?" ಎಂದರಂತೆ. ತನಗೆ ಬರುತ್ತಿಲ್ಲ ಎಂದು ಹೇಳುವಂತಿಲ್ಲ. "ಹೊಸ ಬಣ್ಣ ಅಲ್ವಾ ಯಜಮಾನ್ರೇ, ಹೋಗುತ್ತೆ," ಎಂದು ಕಿಟಕಿ ತೆರೆದು ಬಂದಳು. ಮೂರನೆಯ ವಾರ ಜರೀಗಿಡಗಳು ಅಂಚಿನಿಂದ ಕಂದಿದವು. ಮನಿಪ್ಲಾಂಟ್ ಹಳದಿಯಾಯಿತು. ಆಮೇಲೆ ದೊಡ್ಡಮ್ಮನ ಎಲೆ ಬೀಳತೊಡಗಿದವು, ಅಂಗೈ ಅಗಲದ ಎಲೆಗಳು, ಓದುವವರ ಪೇಪರಿನ ಮೇಲೆಯೇ. ಅತ್ತೆ ತನ್ನ ಕೈಯ ತಪ್ಪೇ ಎಂದು ಹುಡುಕಿದಳು. ನೀರು ಹೆಚ್ಚಾಯಿತೇ, ಬೇರು ಹೆಚ್ಚು ಕತ್ತರಿಸಿದೆನೇ ಎಂದು ಊಟ ಬಿಟ್ಟು ಕೊರಗಿದಳು. ಕೊನೆಗೆ ದೊಡ್ಡಮ್ಮನ ಕುಂಡದೊಳಗೆ ಬೆರಳು ಇಳಿಸಿದಳು. ಮಣ್ಣು ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ.

ಅವಳ ಹತ್ತಿರ ಬಳಸದ ಮೂಟೆ ಒಂದು ಉಳಿದಿತ್ತು. ಮನೆಗೆ ಬಂದು ಅದರ ಬಾಯಿ ಬಿಚ್ಚಿ, ಭುಜದವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದಳು. ಮೇಲಿನದನ್ನು ಒಂದು ಲೋಟಕ್ಕೆ, ತಳದ್ದನ್ನು ಇನ್ನೊಂದು ಲೋಟಕ್ಕೆ ಹಾಕಿ ಎರಡಕ್ಕೂ ಏಳೇಳು ಬೀಜ ಬಿತ್ತಿದಳು. ಆ ಎಂಟು ದಿನ ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತನೆಯ ದಿನ, ಭಾನುವಾರವಲ್ಲದ ದಿನ, ನಮ್ಮ ಮನೆಗೆ ಬಂದು ಎರಡು ಲೋಟವನ್ನೂ ಮೇಜಿನ ಮೇಲಿಟ್ಟಳು. ಒಂದರಲ್ಲಿ ಏಳು ಹಸಿರು ಮೊಳಕೆ. ಇನ್ನೊಂದರಲ್ಲಿ ಬರಿಯ ಬೂಷ್ಟು.

"ಇದು ಮೇಲಿಂದು. ಇದು ಕೆಳಗಿಂದು," ಎಂದಳು.

ಅಪ್ಪ ಲೋಟಗಳನ್ನು ನೋಡಿದ. ಕೂಗಾಡಬಹುದು ಎಂದುಕೊಂಡೆ. ಅವನು ಕುರ್ಚಿ ಎಳೆದುಕೊಂಡು ಕೂತ.

"ಹೋಟೆಲಿನೋನು ತುಂಬಾ ಒತ್ತಾಯ ಮಾಡ್ದ ಪುಟ್ಟಿ. ಅವನಿಗೆ ಮಾತು ಕೊಟ್ಬಿಟ್ಟಿದ್ದೆ."

"ನಂಗೆ ಅದಕ್ಕೂ ಮೊದಲು ಕೊಟ್ಟಿದ್ಯಲ್ಲ?"

"ನೀನು ನಮ್ಮೋಳು. ಹೆಂಗೋ ಸುಧಾರಿಸ್ಕೋತೀಯ ಅಂದ್ಕೊಂಡೆ."

"ಇಲ್ಲ ಅಂದಿದ್ರೆ ನಾಲ್ಕು ತಿಂಗಳು ಕಾಯ್ತಿದ್ದೆ. ಮೇಡಂಗೆ ಹೇಳಿದ್ರೆ ಅವರೂ ಕಾಯ್ತಿದ್ರು. 'ಇಲ್ಲ' ಅನ್ನೋಕೆ ಏನಾಗಿತ್ತು ನಿಂಗೆ?" ಅವಳ ಧ್ವನಿ ಏರಲೇ ಇಲ್ಲ. "ಈ ಹಸೀದನ್ನ ಆ ಹೋಟೆಲಿನೋನಿಗೆ ಕೊಟ್ಟಿದ್ರೆ ಅವನು ಮೂಸಿ ವಾಪಸ್ ಬಿಸಾಡ್ತಿದ್ದ. ನಂಗೆ ಮೂಗಿಲ್ಲ ಅಂತ ಯಾರಿಗೆ ಗೊತ್ತಿತ್ತು ಅಣ್ಣಾ?"

ಅಪ್ಪ ಬೂಷ್ಟು ಹಿಡಿದ ಲೋಟವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ.

"ಕೈ ಎಲ್ಲಿಗೆ ಹಾಕ್ತೀನಿ ಅಂತ ಯಾರಿಗೆ ಗೊತ್ತಿತ್ತು?"

ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಅಪ್ಪನ ಕಡೆ ತಿರುಗಿ, "ಹತ್ತು ಮೂಟೇನೂ ಹಿಂಗೆ ಲೆಕ್ಕ ಹಾಕಿ ಒಬ್ಬನೇ ತುಂಬಿದ್ಯಾ?" ಎಂದು ಕೇಳಿದಳು.

"ಒಬ್ಬನೇ ತುಂಬಿದೆ," ಎಂದ ಅಪ್ಪ. ಅವನು ಅಷ್ಟು ದಿನ ಹೇಳಿದ ಸುಳ್ಳುಗಳಲ್ಲಿ ನನಗೋಸ್ಕರ ಹೇಳಿದ್ದು ಅದೊಂದು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಅತ್ತೆ ಲೋಟಗಳನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಮೂವತ್ತೆರಡರಲ್ಲಿ ಒಂಬತ್ತು ಉಳಿದವು. ಅತ್ತೆ ಹಗಲೆಲ್ಲ ವಾಚನಾಲಯದ ಹಿಂದಿನ ಕಟ್ಟೆಯ ಮೇಲೆ ಕೂತು ಬೇರು ತೊಳೆದು, ಬರಿಯ ಮರಳಿಗೆ ಹಾಕಿ ಉಳಿಸಿಕೊಂಡ ಒಂಬತ್ತು. ದೊಡ್ಡಮ್ಮ ಉಳಿಯಲಿಲ್ಲ. ಅದನ್ನು ಗರಗಸದಿಂದ ಕೊಯ್ದು ಹೊರಗೆ ಸಾಗಿಸಬೇಕಾಯಿತು. ಏನಾಯಿತು ಎಂದು ಮೇಡಂ ಕೇಳಿದಾಗ ಅತ್ತೆ, "ಗೊಬ್ಬರ ಆರಿಸೋದ್ರಲ್ಲಿ ತಪ್ಪಿದೆ ಮೇಡಂ, ತಪ್ಪು ನಂದೇ," ಎಂದಳಂತೆ. ಅಪ್ಪನ ಹೆಸರು ಎತ್ತಲಿಲ್ಲ. ಕೊರಳಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಳು. ಮೇಡಂ ಬೇಡ ಎನ್ನಬಹುದು ಎಂದು ಸ್ವಲ್ಪ ಹೊತ್ತು ನಿಂತಿದ್ದಳಂತೆ. ಅವರು ಅನ್ನಲಿಲ್ಲ. ಈಗ ವಾಚನಾಲಯದಲ್ಲಿ ಪ್ಲಾಸ್ಟಿಕ್ಕಿನ ಗಿಡಗಳಿವೆ. ಮೇಡಂ ಒಳ್ಳೆಯವರು, ತಿಂಗಳಿಗೊಮ್ಮೆ ಬಂದು ಅವುಗಳ ಧೂಳು ಒರೆಸುತ್ತೀರಾ ಎಂದು ಹೇಳಿ ಕಳಿಸಿದ್ದರು. ಅತ್ತೆ ಹೋಗಲಿಲ್ಲ. ಈಗಲೂ ಕೈಗಾಡಿ ತಳ್ಳುತ್ತಾಳೆ, ಕರೆಯುವ ಮನೆಗಳು ಅರ್ಧಕ್ಕರ್ಧ ಕಡಿಮೆಯಾಗಿವೆ. ಗೊಬ್ಬರ ಬೇರೆ ಕಡೆಯಿಂದ ತರುತ್ತಾಳೆ. ಒಂದೊಂದು ಮೂಟೆಗೂ ಮೂರು ಲೋಟ ಇಡುತ್ತಾಳೆ, ಮೇಲಿನದು, ನಡುವಿನದು, ತಳದ್ದು.

ಐದು ಭಾನುವಾರ ಅವಳು ನಮ್ಮ ಮನೆಗೆ ಬರಲಿಲ್ಲ. ಅಪ್ಪ ಪ್ರತಿ ಸಲವೂ ಅವಳ ಕುರ್ಚಿ ಎಳೆದಿಟ್ಟು, ಕತ್ತಲಾದ ಮೇಲೆ ಒಳಗೆ ತಳ್ಳುತ್ತಿದ್ದ. ಹೋಗಿ ಕ್ಷಮೆ ಕೇಳು ಎಂದು ನಾನು ಒಮ್ಮೆ ಹೇಳಿದೆ, ಹೇಳುವ ಯೋಗ್ಯತೆ ನನಗಿಲ್ಲದಿದ್ದರೂ. ಅಪ್ಪ ಹೋದ, ಹೋಗಿ ಅವಳ ಬೀದಿಯ ತಿರುವಿನಿಂದಲೇ ಹಿಂದಿರುಗಿ ಬಂದ.

ಆರನೆಯ ಭಾನುವಾರ ಅವಳೇ ಬಂದಳು. ಕಟ್ಟಿಕೊಂಡ ಗಂಡ ಮೋಸ ಮಾಡಿದರೆ ಅಣ್ಣನ ಮನೆಗೆ ಬರಬಹುದು, ಅಣ್ಣನೇ ಮಾಡಿದರೆ ಹೋಗಲು ಇನ್ನೊಂದು ಮನೆ ಅವಳಿಗಿರಲಿಲ್ಲ. ಬಂದು ಎಂದಿನ ಕುರ್ಚಿಯಲ್ಲಿ ಕೂತಳು. ಬಿಸಿಲಿನ ಬಗ್ಗೆ ಒಂದೆರಡು ಮಾತಾಡಿದಳು. ಕೊರಳಿನ ದಾರದಲ್ಲಿ ಒಂದೇ ಕೀಲಿ ಇತ್ತು. ನಾನು ಹಾಲು ಕಾಯಿಸಿ ತಂದೆ. ಅಪ್ಪನ ಮುಖದಲ್ಲಿ ಎಷ್ಟು ಗೆಲುವೆಂದರೆ ನೋಡಲು ಸಂಕಟವಾಯಿತು. ನನ್ನ ಕೈಯಿಂದ ಲೋಟ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಉದ್ದಕ್ಕೆ ಉಸಿರೆಳೆದು ಮೂಸಿ, "ಚೆನ್ನಾಗಿದೆ ಪುಟ್ಟಿ, ಕುಡಿ," ಎಂದು ಅವಳ ಕಡೆ ಚಾಚಿದ.

ಅತ್ತೆ ಲೋಟ ತೆಗೆದುಕೊಂಡಳು. ಕುಡಿಯಲಿಲ್ಲ. ತಿರುಗಿ ನನ್ನ ಕೈಗೆ ಕೊಟ್ಟಳು.

"ನೀನೊಂದು ಸಲ ನೋಡು ಮರಿ," ಎಂದಳು.

ಅಪ್ಪನ ಕೈ ಇನ್ನೂ ಚಾಚಿಯೇ ಇತ್ತು. ನಾನು ಅವನ ಕಡೆ ನೋಡಲಿಲ್ಲ. ಲೋಟವನ್ನು ಮೂಗಿನ ಹತ್ತಿರ ತಂದೆ. ಅದನ್ನು ಹಿಡಿದಿದ್ದ ಬೆರಳುಗಳು ಹತ್ತು ಮೂಟೆಯ ಬಾಯಿ ಕಟ್ಟಿದ ಬೆರಳುಗಳೇ. ಹಾಲು ಚೆನ್ನಾಗಿತ್ತು.

"ಚೆನ್ನಾಗಿದೆ ಅತ್ತೆ," ಎಂದೆ.

ಅವಳು ನನ್ನ ಮುಖವನ್ನೂ ನೋಡದೆ ಲೋಟ ಇಸಿದುಕೊಂಡು, ಒಂದೇ ಗುಟುಕಿಗೆ ಅರ್ಧ ಕುಡಿದಳು.